ಅರಳೆಯಕ್ಕನ ಮಂಚ ಹಜಾರಕ್ಕೆ ಬಂದದ್ದು

ತಂಗಿಗೆ ಅವಳಿ ಮಕ್ಕಳು ಹುಟ್ಟಿದಾಗ, ಹದಿನೈದು ದಿನ ಇದ್ದು ಹೋಗುತ್ತೇನೆಂದು ಒಂದು ಕೈಚೀಲ ಹಿಡಿದು ಬಂದವಳು ಅರಳೆಯಕ್ಕ. ಆ ಹದಿನೈದು ದಿನ ಎಳೆದು ಎಳೆದು ಎರಡೂವರೆ ವರ್ಷವಾಯಿತು. ಕೈಚೀಲ ಹರಿದು ನೆಲ ಒರೆಸುವ ಬಟ್ಟೆಯಾಯಿತು. ಅರಳೆಯಕ್ಕ ಹೊರಡುವ ಮಾತೆತ್ತಲಿಲ್ಲ, ಎತ್ತಲು ಆ ಮನೆಯವರು ಬಿಡಲೂ ಇಲ್ಲ.

ಅರಳೆಯಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಅವಳದು ಹಾಸಿಗೆ ಅಂಗಡಿಯಲ್ಲಿ ಹೊಲಿಯುವ ಕೆಲಸ. ಹಿಂಜಿದ ಹತ್ತಿಯನ್ನು ಪಟ್ಟೆ ಬಟ್ಟೆಯ ಚೀಲಕ್ಕೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಳದಿಂದ ಅಲ್ಲಲ್ಲಿ ಬಿಗಿದು ಅಂಚು ಕಟ್ಟುವವಳು. ಎಷ್ಟು ಕೊಡವಿಕೊಂಡರೂ ಕೂದಲಲ್ಲಿ, ಹುಬ್ಬಿನಲ್ಲಿ ಒಂದೆರಡು ಬಿಳಿ ಎಳೆ ಉಳಿದೇ ಇರುತ್ತಿದ್ದವು. ನಲವತ್ತಕ್ಕೇ ಮುದುಕಿಯಾದಳು ಎಂದುಕೊಂಡವರು ಹತ್ತಿರ ಬಂದು ನೋಡಿ ನಗುತ್ತಿದ್ದರು. ಅವಳಿಗೂ ಒಂದು ಮದುವೆಯಾಗಿತ್ತು. ಮಕ್ಕಳಾಗಲಿಲ್ಲ, ಗಂಡ ಬೇರೆ ದಾರಿ ನೋಡಿಕೊಂಡ. ಆ ವಿಷಯ ಯಾರಾದರೂ ಕೆದಕಿದರೆ "ಅದು ಹರಿದ ಹಾಸಿಗೆ, ಬಿಡಿ" ಎಂದು ಮಾತು ಮುಗಿಸುತ್ತಿದ್ದಳು.

ಅವಳಿಗೆ ಒಂದು ಹೆಮ್ಮೆ ಇತ್ತು. ತನಗೆ ಹೊಟ್ಟೆಕಿಚ್ಚು ಎಂದರೇನೆಂದೇ ಗೊತ್ತಿಲ್ಲ ಎನ್ನುವುದು. ತಂಗಿ ಅವಳಿಗಿಂತ ಬೆಳ್ಳಗಿದ್ದಳು, ಹೆಚ್ಚು ಓದಿದ್ದಳು, ಔಷಧಿ ಅಂಗಡಿಯ ಕೌಂಟರಿನಲ್ಲಿ ಬಿಳಿ ಕೋಟು ಹಾಕಿ ನಿಲ್ಲುತ್ತಿದ್ದಳು. ತಂಗಿಯ ಗಂಡ ಲಿಫ್ಟ್ ರಿಪೇರಿ ಮಾಡುವವನು, ಹೆಂಡತಿ ನಕ್ಕರೆ ತಾನೂ ನಗುವ ಸ್ವಭಾವದವನು. ಇದನ್ನೆಲ್ಲ ಅರಳೆಯಕ್ಕ ಕಣ್ತುಂಬ ನೋಡಿ ಸಂತೋಷಪಟ್ಟಿದ್ದಳು. "ನಮ್ಮ ಹುಡುಗಿ ಚೆನ್ನಾಗಿದ್ರೆ ನನಗೆ ಹೊಟ್ಟೆ ತುಂಬಿದ ಹಾಗೆ" ಎಂದು ಅಂಗಡಿಯ ಯಜಮಾನಿಯ ಮುಂದೆ ಹೇಳುತ್ತಿದ್ದಳು. ಅದು ಸುಳ್ಳೇನೂ ಆಗಿರಲಿಲ್ಲ.

ಮಕ್ಕಳ ಕೋಣೆ ಚಿಕ್ಕದು. ಒಂದು ಗೋಡೆಗೆ ಹುಡುಗಿಯ ಕಂಬಿ ತೊಟ್ಟಿಲು, ಎದುರು ಗೋಡೆಗೆ ಹುಡುಗನದು, ನಡುವೆ ಅರಳೆಯಕ್ಕನ ಮಡಚುವ ಮಂಚ. ತಂಗಿಯ ಗಂಡ ಆ ತೊಟ್ಟಿಲುಗಳನ್ನು ತಂದ ದಿನವೇ "ಹುಟ್ಟಿದ ತಕ್ಷಣ ಕಂಬಿ ಎಣಿಸೋ ಹಾಗೆ ಮಾಡಿದ್ವಲ್ಲಾ ಪಾಪ" ಎಂದಿದ್ದ. ಹುಡುಗಿ ಎಲ್ಲಿದ್ದರೂ ಚಟಪಟ ಸಿಡಿಯುತ್ತಿದ್ದಳು, ಅವಳಿಗೆ ಪಟಾಕಿ ಎಂದೇ ಹೆಸರಾಯಿತು. ಹುಡುಗ ಗುಮ್ಮ. ಮಾತಿಲ್ಲ ಕತೆಯಿಲ್ಲ, ನೋಡನೋಡುತ್ತಿದ್ದಂತೆ ಬೇಕಾದ್ದನ್ನು ಕೈಗೆ ತಂದುಕೊಂಡಿರುತ್ತಿದ್ದ. ಮಲಗುವಾಗ ಇಬ್ಬರೂ ಕಂಬಿಯ ನಡುವಿನಿಂದ ಕೈ ಚಾಚುತ್ತಿದ್ದರು. ಅರಳೆಯಕ್ಕ ಅಂಗಾತ ಮಲಗಿ ಎಡಗೈಯ ಬೆರಳನ್ನು ಒಬ್ಬಳಿಗೆ, ಬಲಗೈಯ ಬೆರಳನ್ನು ಇನ್ನೊಬ್ಬನಿಗೆ ಕೊಡುತ್ತಿದ್ದಳು. ಬೆಳಿಗ್ಗೆ ಎದ್ದವರನ್ನು ಎತ್ತಿಕೊಳ್ಳುವುದೂ ಅವಳೇ. ತಂಗಿ ಕೆಲಸಕ್ಕೆ ಹೊರಟಮೇಲೆ ಮಧ್ಯಾಹ್ನದವರೆಗೂ ಮಕ್ಕಳು ಅವಳ ಪಾಲು. ತಂಗಿ ಬಂದಮೇಲೆ ಅವಳು ಅಂಗಡಿಗೆ ಹೋಗುತ್ತಿದ್ದಳು. ಮಕ್ಕಳು ಅವಳನ್ನು ದೊಡ್ಡಮ್ಮ ಎನ್ನಲು ಹೋಗಿ ನಾಲಿಗೆ ಹೊರಳದೆ "ಡಮ್ಮ" ಎನ್ನುತ್ತಿದ್ದರು. ಡಮ್ಮ, ಅಮ್ಮ ಎರಡೂ ದೂರದಿಂದ ಒಂದೇ ಥರ ಕೇಳುತ್ತಿದ್ದವು. ಅರಳೆಯಕ್ಕ ಒಂದು ದಿನವೂ ಅವರ ಉಚ್ಚಾರ ತಿದ್ದಲು ಹೋಗಲಿಲ್ಲ.

ಒಂದು ಬೆಳಿಗ್ಗೆ ಅರಳೆಯಕ್ಕ ಬಟ್ಟೆ ಹರವುತ್ತಿದ್ದಾಗ ಧಡ್ ಎಂದು ಸದ್ದಾಯಿತು. ಓಡಿ ಬಂದರೆ ಪಟಾಕಿ ನೆಲದ ಮೇಲೆ. ಹೊದಿಕೆ, ದಿಂಬು, ಬಟ್ಟೆಯ ಕರಡಿ ಎಲ್ಲ ಒಂದರ ಮೇಲೊಂದು ಪೇರಿಸಿ ಅದರ ಮೇಲೆ ನಿಂತು ಕಟಕಟೆ ಹತ್ತಿ ಆಚೆ ಉರುಳಿದ್ದಳು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು. ಗುಮ್ಮ ತನ್ನ ತೊಟ್ಟಿಲಲ್ಲಿ ನಿಂತು, ಅವಳು ಹೇಗೆ ಹತ್ತಿದಳೆಂಬುದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುವವನ ಹಾಗೆ ನೋಡುತ್ತಿದ್ದ.

ಆ ಸಂಜೆ ತಂಗಿ ಬುಗುಟಿಗೆ ಮುಲಾಮು ಹಚ್ಚುತ್ತಾ ಹೇಳಿದಳು. "ಇನ್ನು ಸಾಕು ಈ ತೊಟ್ಟಿಲು. ಇವತ್ತು ಇವಳು, ನಾಳೆ ಅವನು. ಕುಳ್ಳನೆ ಮಂಚ ಎರಡು ತಂದುಬಿಡೋಣ."

ಅವಳ ಗಂಡ ಆಗಲೇ ಟೇಪು ಹಿಡಿದು ಕೋಣೆಗೆ ಹೋಗಿದ್ದ. ಉದ್ದ ಅಳೆದ, ಅಗಲ ಅಳೆದ, ಬಾಗಿಲು ತೆರೆಯುವ ಜಾಗ ಬಿಟ್ಟು ಇನ್ನೊಮ್ಮೆ ಅಳೆದ. ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು. "ಅತ್ತಿಗೆ, ಎರಡು ಮಂಚ ಹಾಕಿದ್ರೆ ಮೂರನೇದು ಹಿಡಿಯಲ್ಲ. ನಿಮ್ಮದನ್ನ ಹಾಲ್‌ನಲ್ಲಿ ಕಿಟಕಿ ಪಕ್ಕ ಹಾಕಿಬಿಡೋಣ್ವಾ? ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ."

"ಹಾಕು. ನನಗೇನು, ಎಲ್ಲಿ ಮಲಗಿದರೂ ನಿದ್ದೆ ಬರುತ್ತೆ" ಎಂದಳು ಅರಳೆಯಕ್ಕ.

"ಪಾಪ, ನೀನೂ ಎರಡು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ" ಎಂದಳು ತಂಗಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅರಳೆಯಕ್ಕನಿಗೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ನಿದ್ದೆ ಯಾರು ಕೇಳಿದ್ದರು?

ಹಾಸಿಗೆಗಳನ್ನು ತಾನೇ ಹೊಲಿಯುತ್ತೇನೆಂದು ಅವಳೇ ಮುಂದೆ ಬಿದ್ದು ಹೇಳಿದಳು. ಒಂದು ವಾರ ಸಾಕು ಎಂದೂ ಹೇಳಿದಳು. ಹಾಸಿಗೆ ಬಂದಮೇಲೆ ಮಂಚ ಜೋಡಿಸುವುದೆಂದು ತೀರ್ಮಾನವಾಯಿತು. ಮಂಚದ ಹಲಗೆಗಳು ಬಂದು ಗೋಡೆಗೆ ಒರಗಿ ಕುಳಿತವು. ಹಾಸಿಗೆ ಮಾತ್ರ ಬರಲಿಲ್ಲ. ಮೊದಲ ವಾರ ಹತ್ತಿ ತೇವ ಹಿಡಿದಿದೆ ಎಂದಳು. ಎರಡನೆಯ ವಾರ ನೀಲಿ ಪಟ್ಟೆಯ ಬಟ್ಟೆ ಮುಗಿದಿದೆ, ಕೆಂಪು ಪಟ್ಟೆ ಮಕ್ಕಳಿಗೆ ಒಪ್ಪುವುದಿಲ್ಲ ಎಂದಳು. ಆಮೇಲೆ ಹಿಂಜುವ ಯಂತ್ರದ ಬೆಲ್ಟು ಕಡಿದಿದೆ ಎಂದಳು. ಬೆಲ್ಟು ಗಟ್ಟಿಮುಟ್ಟಾಗಿ ದಿನವಿಡೀ ತಿರುಗುತ್ತಿತ್ತು. ಹಾಸಿಗೆಯ ಚೀಲಗಳನ್ನು ಅವಳು ಎರಡನೇ ದಿನವೇ ಹೊಲಿದಿದ್ದಳು. ಹತ್ತಿ ತುಂಬದೆ, ಮಡಚಿ ತಾನು ಕೂರುವ ಮಣೆಯ ಕೆಳಗೆ ಇಟ್ಟುಕೊಂಡಿದ್ದಳು.

ಯಜಮಾನಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿರಲಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀನು ಹಾಸಿಗೇನೇ ಮುಗಿಸ್ತಿಲ್ಲ, ಆ ಮಕ್ಕಳು ಕಾಲು ಎಲ್ಲಿ ಚಾಚಬೇಕು?" ಎಂದು ಒಂದು ಮಧ್ಯಾಹ್ನ ಕೇಳಿದಳು.

"ಮುಗಿಸ್ತೀನಮ್ಮ. ಆತುರ ಏನಿದೆ."

"ನಿನಗೇನೂ ಆತುರ ಇಲ್ಲ ಅಂತ ಕಾಣುತ್ತೆ." ಯಜಮಾನಿ ಗಿರಾಕಿಯ ಕಡೆ ತಿರುಗಿದಳು.

ಆ ಮಾತಿಗೆ ನಾಚಿಕೆಯಾಗಿ ಅರಳೆಯಕ್ಕ ಎರಡೇ ದಿನದಲ್ಲಿ ಎರಡೂ ಹಾಸಿಗೆ ಮುಗಿಸಿದಳು. ಅಂಥ ಅಂಚು ಅವಳು ಯಾರಿಗೂ ಕಟ್ಟಿಕೊಟ್ಟಿರಲಿಲ್ಲ. ಹಾಸಿಗೆ ಸುತ್ತಿ ಆಟೋಗೆ ಹಾಕಿಸಿಕೊಂಡು ಮನೆಗೆ ಬಂದು ನೋಡಿದರೆ, ಕೋಣೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಹೊದಿಕೆಯ ಎರಡು ಫೋಮ್ ಹಾಸಿಗೆಗಳು ನಿಂತಿದ್ದವು. ಒಂದರ ಮೇಲೆ ಆನೆಯ ಚಿತ್ರ, ಇನ್ನೊಂದರ ಮೇಲೆ ಜಿರಾಫೆ. ಮಕ್ಕಳು ಅವುಗಳ ಮೇಲೆ ಬಿದ್ದು, ಎದ್ದು, ಮತ್ತೆ ಬೀಳುತ್ತಿದ್ದರು.

ತಂಗಿಯ ಮುಖ ಇಷ್ಟೇ ಇಷ್ಟಾಯಿತು. "ಅಯ್ಯೋ ಅಕ್ಕ, ಇವತ್ತೇ ತರ್ತೀಯ ಅಂತ ನನಗೇನು ಗೊತ್ತು. ಗುಮ್ಮ ನೆನ್ನೆ ಒಂದು ಕಾಲು ಆಚೆ ಹಾಕಿದ್ದ. ಹೆದರಿಕೆ ಆಯ್ತು."

"ಒಳ್ಳೇದೇ ಆಯ್ತಲ್ಲ. ಫೋಮ್ ಹಗುರ, ಒದ್ದೆ ಮಾಡಿದ್ರೆ ಒರೆಸೋಕೂ ಸುಲಭ" ಎಂದಳು ಅರಳೆಯಕ್ಕ. ಬಂದ ಆಟೋದಲ್ಲೇ ಹಾಸಿಗೆಗಳನ್ನು ವಾಪಸು ಕಳಿಸಿದಳು. ಮರುದಿನವೇ ಯಾರೋ ಮೇಷ್ಟರೊಬ್ಬರು ತಮ್ಮ ಹೆಣ್ಣುಮಕ್ಕಳಿಗೆಂದು ಅವೆರಡನ್ನೂ ಕೊಂಡುಹೋದರು. ಅರಳೆಯಕ್ಕನಿಗೆ ಆ ಕಾಣದ ಹೆಣ್ಣುಮಕ್ಕಳ ಮೇಲೂ ಹೊಟ್ಟೆ ಉರಿಯಿತು. ಉರಿದಮೇಲೆ ತನಗೆ ಇದೇನಾಯಿತು ಎಂದು ಗಾಬರಿಯಾಯಿತು.

ಭಾನುವಾರ ತೊಟ್ಟಿಲು ಕಳಚುವ ಕೆಲಸ. ತಂಗಿಯ ಗಂಡ ಸ್ಕ್ರೂ ತಿರುವುತ್ತಿದ್ದರೆ ಪಟಾಕಿ ಅವನ ಬೆನ್ನ ಮೇಲೆ ಹತ್ತಿ ಕೂಗುತ್ತಿದ್ದಳು. ಗುಮ್ಮ ಒಂದು ಪಕ್ಕ ತೆಗೆದ ತನ್ನ ತೊಟ್ಟಿಲೊಳಗೆ ಹೋಗಿ ಕುಳಿತುಬಿಟ್ಟ. ಕರೆದರೂ ಬರಲಿಲ್ಲ. ಅರಳೆಯಕ್ಕನ ಎದೆಯಲ್ಲಿ ಎಲ್ಲೋ ಒಂದು ದೀಪ ಹತ್ತಿದ ಹಾಗಾಯಿತು. ಇವನೊಬ್ಬ ನನ್ನ ಕಡೆ, ಎಂದುಕೊಂಡಳು. ಇವನು ಒಪ್ಪುವುದಿಲ್ಲ, ಅಳುತ್ತಾನೆ, ಆಗ ನಾನೇ ಬೇಕಾಗುತ್ತೇನೆ.

"ಏನೋ ಬಂಗಾರ, ಇಲ್ಲೇ ಇರ್ತೀಯಾ?" ಎಂದು ಅವನ ಮುಂದೆ ಕೂತು ಕೇಳಿದಳು.

ಗುಮ್ಮ ಮೂಲೆಯಲ್ಲಿ ಕೈ ತುರುಕಿ, ಎಂದೋ ಕಂಬಿಯ ಸಂದಿಯಲ್ಲಿ ಬಿದ್ದಿದ್ದ ಆಟದ ಕಾರಿನ ಚಕ್ರ ಹುಡುಕಿ ತೆಗೆದ. ಅದನ್ನು ಹಿಡಿದುಕೊಂಡು ಹೊರಬಂದು, ಜಿರಾಫೆಯ ಹಾಸಿಗೆಯ ಮೇಲೆ ಬೋರಲು ಮಲಗಿದ. ಸ್ವಲ್ಪ ಹೊತ್ತಿಗೆ ನಿದ್ದೆ ಹೋದ. ಯಾರ ಬೆರಳೂ ಬೇಕಾಗಲಿಲ್ಲ. ಪಟಾಕಿಯಂತೂ ಮಂಚದ ಅಂಚಿನ ಮೇಲೆ ಕಾಲು ಇಳಿಬಿಟ್ಟು "ಡಮ್ಮ ಆಚೆ ಹೋಗು, ನಾನು ದೊಡ್ಡೋಳು" ಎಂದಳು. ಎಲ್ಲರೂ ನಕ್ಕರು. ಅರಳೆಯಕ್ಕನೂ ನಕ್ಕಳು, ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕಳು.

ಹಜಾರದ ಕಿಟಕಿಯ ಪಕ್ಕದಲ್ಲಿ ಗಾಳಿ ನಿಜಕ್ಕೂ ಚೆನ್ನಾಗಿತ್ತು. ಮೊದಲ ಬೆಳಿಗ್ಗೆ ಅರಳೆಯಕ್ಕ ಬೇಗನೆ ಎಚ್ಚರಗೊಂಡು, ಗೋಡೆಯ ಕಡೆಗೆ ಸರಿದು, ಇಬ್ಬರು ಮಕ್ಕಳು ಹಿಡಿಯುವಷ್ಟು ಜಾಗ ಮಾಡಿಕೊಂಡು ಕಣ್ಣು ಮುಚ್ಚಿ ಕಾದಳು. ಈಗ ಅವರಿಗೆ ಕಟಕಟೆ ಇಲ್ಲ. ಎದ್ದು ಎಲ್ಲಿಗೆ ಬೇಕಾದರೂ ಬರಬಹುದು. ಕೋಣೆಯ ಬಾಗಿಲು ಕಿರ್ರ್ ಎಂದಿತು. ನಾಲ್ಕು ಪುಟ್ಟ ಪಾದಗಳು ನೆಲದ ಮೇಲೆ ಪಟಪಟ ಬಂದವು. ಅವಳ ಮಂಚದ ಕಾಲಿನವರೆಗೂ ಬಂದವು. ನಿಲ್ಲದೆ ಹಾಗೆಯೇ ಮುಂದಕ್ಕೆ ಹೋದವು. ಅಪ್ಪ ಅಮ್ಮನ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಒಳಗಿನಿಂದ ತಂಗಿಯ ನಿದ್ದೆಗಣ್ಣಿನ ದನಿ ಕೇಳಿಸಿತು. "ಅಯ್ಯೋ ನನ್ನ ಚಿನ್ನಗಳಾ, ನೀವೇ ಬಂದ್ರಾ? ನೀವೇ ನಡ್ಕೊಂಡು ಬಂದ್ರಾ?" ಆಮೇಲೆ ನಗು. ಇಬ್ಬರ ಕಿಲಕಿಲ, ಅದರ ಜೊತೆ ಅಪ್ಪನ ಗೊಗ್ಗರು ನಗೆಯೂ ಸೇರಿತು.

ಅರಳೆಯಕ್ಕ ಖಾಲಿ ಬಿಟ್ಟ ಜಾಗದ ಮೇಲೆ ಕೈ ಆಡಿಸಿದಳು. ಎದ್ದು ಹೋಗಿ ಟೀಗೆ ನೀರಿಟ್ಟಳು. ನೀರು ಕುದಿದು ಕುದಿದು ಅರ್ಧವಾಗುವವರೆಗೂ ಸುಮ್ಮನೆ ನೋಡುತ್ತ ನಿಂತಿದ್ದಳು. ಹೊಟ್ಟೆಕಿಚ್ಚು ಎಂದರೆ ಮಾತಿಗೆ ಹೇಳುವುದಲ್ಲ, ನಿಜವಾಗಿಯೂ ಹೊಟ್ಟೆಯಲ್ಲೇ ಹತ್ತಿಕೊಳ್ಳುತ್ತದೆ ಎಂದು ಅವಳಿಗೆ ಆಗ ತಿಳಿಯಿತು. ತಂಗಿಯ ಬಿಳಿ ಕೋಟು, ಬಣ್ಣ, ಗಂಡ ಯಾವುದೂ ಹಚ್ಚದ ಬೆಂಕಿಯನ್ನು ಆ ನಾಲ್ಕು ಪಾದಗಳು ಹಚ್ಚಿದ್ದವು.

ಮೂರು ನಾಲ್ಕು ಬೆಳಿಗ್ಗೆ ಹೀಗೇ ಕಳೆಯಿತು. ಆಮೇಲೆ ಅವಳು ಒಂದು ಉಪಾಯ ಮಾಡಿದಳು. ಅಂಗಡಿಯಿಂದ ಬರುವಾಗ ಕ್ರೀಮ್ ಬಿಸ್ಕತ್ತಿನ ಪೊಟ್ಟಣ ತಂದು ದಿಂಬಿನ ಕೆಳಗಿಟ್ಟುಕೊಂಡಳು. ಬೆಳಿಗ್ಗೆ ಪಾದಗಳು ಹತ್ತಿರ ಬಂದಾಗ ಪೊಟ್ಟಣವನ್ನು ಸ್ವಲ್ಪ ಪರಪರ ಅನ್ನಿಸಿದಳು. ಪಾದಗಳು ನಿಂತವು. ಗುಮ್ಮನ ಮುಖ ಮಂಚದ ಅಂಚಿನಲ್ಲಿ ಮೂಡಿತು.

"ಬಾ" ಎಂದಳು ಪಿಸುಗುಟ್ಟಿ. "ಸದ್ದು ಮಾಡಬೇಡಿ."

ಇಬ್ಬರೂ ಹತ್ತಿ ಬಂದರು. ಅವಳ ಎಡಬಲಕ್ಕೆ ಕೂತು ಬಿಸ್ಕತ್ತನ್ನು ಬಿಡಿಸಿ ಕ್ರೀಮು ನೆಕ್ಕಿದರು. ಅರಳೆಯಕ್ಕ ರಾಜ್ಯ ಗೆದ್ದವಳ ಹಾಗೆ ಗೋಡೆಗೆ ಒರಗಿದ್ದಳು. ಆಚೆ ಕೋಣೆಯಲ್ಲಿ ತಂಗಿ ಮಗ್ಗಲು ಬದಲಿಸಿದ ಸದ್ದು ಕೇಳಿ ಅವಳಿಗೆ ಇನ್ನೂ ಹಿತವಾಯಿತು. ಕಾಯಲಿ, ಎಂದುಕೊಂಡಳು. ಸ್ವಲ್ಪ ಅವಳೂ ಕಾಯಲಿ.

ಆದರೆ ಗುಟ್ಟು ರಟ್ಟು ಮಾಡಲು ಇರುವೆಗಳಿದ್ದವು. ಒಂದು ವಾರದೊಳಗೆ ಬಾಗಿಲ ಸಂದಿಯಿಂದ ಅರಳೆಯಕ್ಕನ ದಿಂಬಿನವರೆಗೆ ಕಪ್ಪು ದಾರ ಎಳೆದ ಹಾಗೆ ಸಾಲು ಹತ್ತಿತು. ಸಾಲದ್ದಕ್ಕೆ ಮಕ್ಕಳು ತಿಂಡಿಗೆ ಕೂತರೆ ತಟ್ಟೆ ದೂಡುತ್ತಿದ್ದರು. ಒಂದು ಬೆಳಿಗ್ಗೆ ಪೊಟ್ಟಣ ಪರಪರ ಎನ್ನುವ ಹೊತ್ತಿಗೆ ತಂಗಿಯೇ ಎದ್ದು ಬಂದು ಬಾಗಿಲಲ್ಲಿ ನಿಂತಳು. ಕೂದಲು ಕೆದರಿತ್ತು, ಕಣ್ಣಲ್ಲಿ ನಿದ್ದೆ ಇರಲಿಲ್ಲ. ಮೂವರನ್ನೂ ನೋಡಿದಳು. ಹಾಗೆಯೇ ತಿರುಗಿ ಸ್ನಾನಕ್ಕೆ ಹೋದಳು.

ಆ ಸಂಜೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚುವಾಗ ಮಾತು ಬಂತು. ದೊಡ್ಡ ಚಾದರದ ಎರಡು ತುದಿ ಅಕ್ಕನ ಕೈಯಲ್ಲಿ, ಎರಡು ತುದಿ ತಂಗಿಯ ಕೈಯಲ್ಲಿ.

"ಬಿಸ್ಕತ್ತು ತೋರಿಸಿ ಕರೀತಿದೀಯಾ ಅವರನ್ನ?"

ಅರಳೆಯಕ್ಕ ಚಾದರದ ಅಂಚು ಸರಿಮಾಡಿದಳು. "ಹೌದು."

"ಯಾಕೆ?"

"ಇಲ್ಲಾಂದ್ರೆ ನಿನ್ನ ಹತ್ರ ಹೋಗಿಬಿಡ್ತಾರೆ."

"ನಾನು ಅವರ ಅಮ್ಮ ಕಣೇ."

"ಗೊತ್ತು. ಅದನ್ನ ನೀನು ಹೇಳಬೇಕಾಗಿಲ್ಲ."

ತಂಗಿ ಚಾದರದ ತುದಿ ಬಿಗಿಯಾಗಿ ಎಳೆದಳು. "ಈಗ ನನ್ನ ಮಾತು ಕೇಳು. ಎರಡು ವರ್ಷ ಬೆಳಿಗ್ಗೆ ಬೆಳಿಗ್ಗೆ ನಾನು ಆ ಕೋಣೆ ಬಾಗಿಲಿಗೆ ಬರ್ತಿದ್ದೆ. ನಾನು ಬರೋ ಹೊತ್ತಿಗೆ ಒಬ್ಬಳು ನಿನ್ನ ಸೊಂಟದ ಮೇಲೆ, ಒಬ್ಬ ಹೆಗಲ ಮೇಲೆ. ನನ್ನನ್ನ ನೋಡಿದ್ರೆ ನಿನ್ನ ಕತ್ತಲ್ಲಿ ಮುಖ ಮುಚ್ಚಿಕೊಳ್ಳೋರು, ಪರಕೀಯಳನ್ನ ನೋಡಿದ ಹಾಗೆ. ವಾಪಸ್ ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದೀನಿ. ನಿನಗೆ ಒಂದು ಮಾತು ಅಂದಿದೀನಾ? ನೀನಿಲ್ಲದೆ ಈ ಮನೆ ನಡೀತಿರ್ಲಿಲ್ಲ, ಅದಕ್ಕೆ ಬಾಯಿ ಮುಚ್ಕೊಂಡಿದ್ದೆ. ಈಗ ಅವರೇ ಎದ್ದು, ಅವರ ಕಾಲಲ್ಲಿ ಅವರೇ ನನ್ನ ಹತ್ರ ಬಂದ್ರು. ಅದನ್ನೂ ಕಿತ್ಕೊಳ್ತೀಯಾ?"

ಇದನ್ನು ಕೇಳಿ ಅರಳೆಯಕ್ಕನಿಗೆ ಕರುಳು ಚುರುಕ್ ಎಂದಿತು, ತಂಗಿಯನ್ನು ತಬ್ಬಿಕೊಂಡಳು ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ನಡೆದದ್ದು ಹಾಗಲ್ಲ. ಮೊದಲು ಅವಳಿಗೆ ಸಂತೋಷವಾಯಿತು. ಬಿಳಿ ಕೋಟಿನ ತನ್ನ ತಂಗಿ, ಎಲ್ಲ ಇದ್ದ ತಂಗಿ, ಎರಡು ವರ್ಷ ತನ್ನನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದಳು. ನಲ್ಲಿ ಬಿಟ್ಟು ಅತ್ತಿದ್ದಳು. ಆ ಸುಖ ನಾಲಿಗೆಯ ಮೇಲಿಟ್ಟ ಸಕ್ಕರೆಯ ಹಾಗೆ ಸ್ವಲ್ಪ ಹೊತ್ತು ಕರಗುತ್ತಾ ಇತ್ತು. ನಾಚಿಕೆ ಅದರ ಹಿಂದೆ ಬಂತು.

"ನೀನು ಆಗಲೇ ಹೇಳಬೇಕಿತ್ತು" ಎಂದಳು ಕೊನೆಗೆ.

"ಹೇಳಿದ್ರೆ ನೀನು ಹೋಗಿಬಿಡ್ತಿದ್ದೆ."

"ಹೌದು, ಹೋಗಿಬಿಡ್ತಿದ್ದೆ."

ಚಾದರ ಮಡಚಿ ಆಗಿತ್ತು. ಇಬ್ಬರಿಗೂ ಕೈ ಖಾಲಿಯಾಗಿ, ಏನು ಮಾಡುವುದೆಂದು ತೋಚದೆ ಅದನ್ನೇ ಬಿಡಿಸಿ ಮತ್ತೊಮ್ಮೆ ಮಡಚಿದರು.

ಮರುದಿನದಿಂದ ಬಿಸ್ಕತ್ತು ನಿಂತಿತು. ಮಕ್ಕಳು ಒಂದೆರಡು ದಿನ ಅವಳ ಮಂಚದ ಬಳಿ ನಿಂತು ದಿಂಬು ಎತ್ತಿ ನೋಡಿ, ಏನೂ ಇಲ್ಲದ್ದು ಕಂಡು ಮುಂದಕ್ಕೆ ಹೋದರು. ಪ್ರೀತಿಯೆಲ್ಲ ಪೊಟ್ಟಣದ ಮೇಲೆಯೇ ಇತ್ತು ಎಂದು ಅವಳು ಹಲ್ಲು ಕಚ್ಚಿದಳು. ಜಗಳವೇನೂ ಆಗಲಿಲ್ಲ. ತಂಗಿ ಮೊದಲಿಗಿಂತ ಹೆಚ್ಚು ಮೃದುವಾಗಿ ಮಾತಾಡಿಸಿದಳು, ಅದೇ ಅವಳಿಗೆ ಹೆಚ್ಚು ಚುಚ್ಚಿತು. ಬೆಳಿಗ್ಗೆ ಆ ಪಾದಗಳ ಸದ್ದಿಗೆ ಕಿವಿ ಕೊಟ್ಟು ಮಲಗಿರುವುದು ಅವಳ ಕೈಯಲ್ಲಿ ಆಗಲಿಲ್ಲ. ಕತ್ತಲಿರುವಾಗಲೇ ಎದ್ದು ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದಳು.

ಅಂಗಡಿಯ ಹಿಂದೆ ಒಂದು ಕೋಣೆ ಖಾಲಿ ಇತ್ತು. ಬೇಕಾದರೆ ಇರು ಎಂದು ಯಜಮಾನಿ ಹಿಂದೆಯೇ ಹೇಳಿದ್ದಳು. ಮಕ್ಕಳನ್ನು ಶಿಶುವಿಹಾರಕ್ಕೆ ಸೇರಿಸಿದ ತಿಂಗಳು ಅರಳೆಯಕ್ಕ ಆ ಮಾತೆತ್ತಿದಳು.

ತಂಗಿ ಅತ್ತಳು. "ನಾನು ಆ ದಿನ ಅಂದಿದ್ದಕ್ಕೆ ಹೋಗ್ತಿದೀಯಾ?"

"ನೀನು ಅಂದಿದ್ದಕ್ಕಲ್ಲ. ನನಗೆ ಆಗ್ತಿಲ್ಲ. ಇಲ್ಲಿದ್ರೆ ನಾನು ಕೆಟ್ಟೋಳಾಗ್ತೀನಿ."

"ದೂರ ಹೋದ್ರೆ ಒಳ್ಳೆಯೋಳಾಗ್ತೀಯಾ?"

"ನೋಡೋಣ. ಎರಡು ಬೀದಿ ಆಚೆಗೇ ತಾನೇ."

ಹೊರಡುವ ದಿನ ಮಕ್ಕಳು ತಡೆಯಲಿಲ್ಲ. ಮಂಚ ಮಡಚಿದಾಗ ಅದರ ಕೆಳಗೆ ಕಂಡ ಖಾಲಿ ನೆಲದಲ್ಲಿ ಕಾರು ಓಡಿಸುವ ಸಂಭ್ರಮದಲ್ಲಿದ್ದರು. ತಂಗಿಯ ಗಂಡ ಮಂಚವನ್ನು ಹೆಗಲ ಮೇಲೆ ಹೊತ್ತು ತಂದು, ಹೊಸ ಕೋಣೆಯ ಬಾಗಿಲಿನ ಅಗುಳಿ ಸರಿಮಾಡಿ ಹೋದ. ಮೊದಮೊದಲು ಅರಳೆಯಕ್ಕನಿಗೆ ಹತ್ತಿ ಹಿಂಜುವ ಸದ್ದಿನಲ್ಲೂ ಡಮ್ಮ ಎಂದು ಕರೆದ ಹಾಗೆ ಕೇಳುತ್ತಿತ್ತು. ಆಮೇಲೆ ಅದೂ ಕಡಿಮೆಯಾಯಿತು. ಬೆಳಿಗ್ಗೆ ಎದ್ದಾಗ ಹೊಟ್ಟೆ ಹಗುರವಾಗಿರುತ್ತಿತ್ತು. ಒಂದು ದಿನ ತನಗೆ ಬಿಸಿಲು ಬರುವವರೆಗೂ ನಿದ್ದೆ ಬಂದದ್ದು ಕಂಡು ಅವಳಿಗೇ ಸೋಜಿಗವಾಯಿತು.

ಶಿಶುವಿಹಾರ ಬಿಟ್ಟಮೇಲೆ ಮಕ್ಕಳನ್ನು ಕರೆತರುವ ಕೆಲಸ ಅವಳದಾಯಿತು. ತಂಗಿ ಕೌಂಟರು ಮುಗಿಸಿ ಬರುವವರೆಗೆ ಅವರು ಅಂಗಡಿಯಲ್ಲಿ ಇರುತ್ತಿದ್ದರು. ಹಿಂಜಿದ ಹತ್ತಿಯ ರಾಶಿ ಎದೆಮಟ್ಟ ಬಿದ್ದಿರುತ್ತಿತ್ತು. ಅದರೊಳಗೆ ಹಾರಿ, ಮುಳುಗಿ, ಮೂಗು ಬಾಯಿಯೆಲ್ಲ ಬಿಳಿ ಮಾಡಿಕೊಂಡು ಏಳುತ್ತಿದ್ದರು. ಯಜಮಾನಿ ಬೈಯುವ ಹಾಗೆ ಮಾಡಿ ಇನ್ನೊಂದು ಮಂಕರಿ ಹತ್ತಿ ಸುರಿಸುತ್ತಿದ್ದಳು.

ಒಂದು ಮಧ್ಯಾಹ್ನ ತಂಗಿ ಬರುವುದು ಬೀದಿಯ ತಿರುವಿನಲ್ಲಿ ಕಂಡಿತು. ಪಟಾಕಿ ಅದನ್ನು ನೋಡಿ "ಬಚ್ಚಿಟ್ಟುಕೋ" ಎಂದು ಗುಮ್ಮನನ್ನು ಎಳೆದುಕೊಂಡು ರಾಶಿಯೊಳಗೆ ಹೊಕ್ಕಳು. ಅರಳೆಯಕ್ಕನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

ತಂಗಿ ಮೆಟ್ಟಿಲು ಹತ್ತಿದಳು. "ಎಲ್ಲಿ ಅವರು?"

"ಇಲ್ಲೇ ಇದ್ರು" ಎಂದಳು ಅರಳೆಯಕ್ಕ, ದಬ್ಬಳಕ್ಕೆ ದಾರ ಪೋಣಿಸುತ್ತ.

ತಂಗಿ ಮೂಲೆಮೂಲೆ ನೋಡಿದಳು, ಹಿಂದಿನ ಕೋಣೆಗೆ ಹೋಗಿ ಬಂದಳು. ಅವಳ ದನಿ ಸ್ವಲ್ಪ ಏರಿತು. ಹತ್ತಿಯ ರಾಶಿ ನಗು ತಡೆಯಲಾರದೆ ಅಲುಗುತ್ತಿತ್ತು, ಅದು ತಂಗಿಯ ಬೆನ್ನ ಹಿಂದೆ ಇತ್ತು. ಒಂದು ಸನ್ನೆ ಮಾಡಿದರೆ ಸಾಕಿತ್ತು. ಅರಳೆಯಕ್ಕ ಮಾಡಲಿಲ್ಲ. ಸುಮ್ಮನೆ ದಾರದ ತುದಿ ನಾಲಿಗೆಗೆ ತಾಗಿಸಿ ಚೂಪು ಮಾಡಿದಳು. ಮತ್ತೊಮ್ಮೆ ಮಾಡಿದಳು. ಆಮೇಲೆ ದಬ್ಬಳ ಕೆಳಗಿಟ್ಟು ಹೇಳಿದಳು:

"ಬನ್ನಿ ಆಚೆ, ಸಾಕು. ಅಮ್ಮ ಹೆದರಿಕೊಂಡಿದಾಳೆ."